ಇಪ್ಪತ್ತೆಂಟು ಬಾಗಿಲಿನ ಮನೆ

ಭಾವಿಕೇರಿಯಲ್ಲಿ ಯಾರಾದರೂ ಮನೆ ಕಟ್ಟುವುದಿದ್ದರೆ ಮೊದಲು ದೇವ ಮೇಸ್ತ್ರಿಗೆ ಹೇಳಿ ಕಳಿಸುತ್ತಾರೆ. ಮೇಸ್ತ್ರಿ ಬಂದು ಜಾಗಕ್ಕೆ ಒಂದು ಸುತ್ತು ಹಾಕುತ್ತಾನೆ, ಎಲೆಯಡಿಕೆಯ ಕವಳ ಹಾಕುತ್ತಾನೆ, ಉಗುಳುತ್ತಾನೆ, ಒಂದು ಸಂಖ್ಯೆ ಹೇಳುತ್ತಾನೆ. ಅಷ್ಟು ಕೆಂಪು ಚಿರೆಕಲ್ಲು ತರಿಸಿದರೆ ಮನೆ ಮುಗಿಯುತ್ತದೆ. ಹತ್ತಿಪ್ಪತ್ತು ಮಿಕ್ಕರೆ ತುಳಸಿಕಟ್ಟೆಗೆ ಆಗುತ್ತದೆ. ನಲವತ್ತು ವರ್ಷಗಳಿಂದ ಹೀಗೇ ನಡೆದುಬಂದಿದ್ದರಿಂದ ಇದರಲ್ಲಿ ಏನೋ ದೊಡ್ಡ ತಪ್ಪಿರಬೇಕು ಎಂದು ಅಶೋಕನಿಗೆ ಖಾತ್ರಿಯಾಗಿತ್ತು.

ಅಶೋಕ ಕಾರವಾರದಲ್ಲಿ ರವಿಕಿರಣ ಎಂಬ ಇಂಜಿನಿಯರರ ಕಚೇರಿಯಲ್ಲಿ ಕಂಪ್ಯೂಟರಿನ ಮೇಲೆ ಮನೆ ಬಿಡಿಸುವವ. ಒಂಬತ್ತು ವರ್ಷಗಳಲ್ಲಿ ಇನ್ನೂರು ಮನೆ ಬಿಡಿಸಿದ್ದ. ವಾಸ ಮಾತ್ರ ಕೋಡಿಬಾಗದ ಒಂದು ಬಾಡಿಗೆ ಕೋಣೆಯಲ್ಲಿ. ಅದರ ಯಜಮಾನರು ಮಗನ ಮದುವೆ ನಿಶ್ಚಯವಾಗಿದೆ, ಮಳೆಗಾಲ ಹಿಡಿಯುವುದರೊಳಗೆ ಕೋಣೆ ಖಾಲಿ ಮಾಡಿ ಎಂದಿದ್ದರು.

"ಈ ಸಲನಾದ್ರೂ ನಿಮ್ಮನೆ ಕಂಪ್ಯೂಟರ್ ಬಿಟ್ಟು ಹೊರಗೆ ಬರ್ತದಾ, ಅಲ್ಲಾ ನಾ ತವರಿಗೆ ಹೋಗೂದಾ?" ಎಂದು ಕೇಳಿದವಳು ಹೆಂಡತಿ ಭಾರತಿ. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮಾತೂ ಮಾತ್ರೆಯ ಹಾಗೇ, ಚಿಕ್ಕದು ಮತ್ತು ಕಹಿ.

ಜಾಗವೇನೋ ಇತ್ತು. ಭಾವಿಕೇರಿಯಲ್ಲಿ ತೀರಿಹೋದ ಅಪ್ಪನ ಹೆಸರಿನಲ್ಲಿ ಐದು ಗುಂಟೆ. ಅಲ್ಲಿ ಮನೆ ಕಟ್ಟಲು ಪಂಚಾಯ್ತಿ ಪರವಾನಿಗೆ ಕೊಡಬೇಕಾದರೆ ಮೂವರು 'ನಮ್ಮ ತಕರಾರಿಲ್ಲ' ಎಂದು ಸಹಿ ಹಾಕಬೇಕು: ತಾಯಿ ಮಾದಿ, ಅಣ್ಣ ಬೀರು, ಅಕ್ಕ ಸುಕ್ರಿ. ಮೂವರೂ ಸಂತೋಷದಿಂದ ಒಪ್ಪಿದರು. ಸಂತೋಷಕ್ಕೆ ಒಂದೊಂದು ಷರತ್ತಿತ್ತು.

"ನಂಗೆ ಒಲೆ ನೆಲದ ಮೇಲೇ ಬೇಕು ನೋಡು," ಎಂದಳು ಮಾದಿ. "ನಿಂತ್ಕಂಡು ಅಡ್ಗೆ ಮಾಡೂದಂದ್ರೆ ಬಸ್ಸಿಗೆ ಕಾದಂಗಾಗ್ತದೆ."

"ಆಯ್ತವ್ವೀ," ಎಂದ ಅಶೋಕ.

"ಮುಂದೆ ಉದ್ದಕ್ಕೂ ಜಗಲಿ ಇರ್ಲಿ," ಎಂದ ಬೀರು. "ನಾಕು ಜನ ಬಂದ್ರೆ ಕೂತ್ಕಳೂಕೆ." ಊರಲ್ಲೇ ಬೇರೆ ಮನೆ ಮಾಡಿಕೊಂಡಿದ್ದ ಬೀರುವನ್ನು ನೋಡಲು ಹತ್ತು ವರ್ಷಗಳಿಂದ ನಾಲ್ಕು ಜನ ಬಂದಿರಲಿಲ್ಲ. ಜಗಲಿ ಇಲ್ಲದ್ದೇ ಅದಕ್ಕೆ ಕಾರಣ ಎಂದು ಅವನ ನಂಬಿಕೆ.

"ಆಯ್ತಣ್ಣಾ."

"ತವರು ಅಂತ ಬಂದ್ರೆ ನಂಗೊಂದು ಕೋಣೆ ಬೇಕು ತಮ್ಮಾ. ಬೀಗ ಹಾಕೂಕೆ ಬರೂದು," ಎಂದಳು ಸುಕ್ರಿ. ಅವಳ ಗಂಡನ ಮನೆ ಅಂಕೋಲೆ ಪೇಟೆಯಲ್ಲೇ. ವರ್ಷಕ್ಕೆ ಎರಡು ಸಲ ತವರಿಗೆ ಬಂದು, ಎರಡೂ ಸಲ ಸಂಜೆ ಐದರ ಬಸ್ಸಿಗೆ ವಾಪಸಾಗುತ್ತಿದ್ದಳು.

"ಆಯ್ತಕ್ಕಾ."

ಭಾರತಿಯದು ಸಹಿ ಬೇಕಿರಲಿಲ್ಲ; ಆದರೆ ಅವಳ ಮಾತನ್ನು ಮೀರಿ ಕಟ್ಟಿದ ಮನೆಯಲ್ಲಿ ಇರುವುದು ಅಶೋಕನಿಗೇ ಕಷ್ಟವಿತ್ತು. ಅವಳಿಗೆ ಸೊಂಟದೆತ್ತರದ ಅಡುಗೆಕಟ್ಟೆ ಬೇಕು, ಮಲಗುವ ಕೋಣೆಗೆ ಹೊಂದಿಕೊಂಡು ಬಾತ್‌ರೂಮು ಬೇಕು, ಜಗಲಿ ಮಾತ್ರ ಬೇಡ. "ಕೂತವ್ರಿಗೆಲ್ಲಾ ಚಾ ಮಾಡ್ತಾ ಕೂತ್ಕಳೂಕೆ ನಂಗಾಗೂದಿಲ್ಲ."

"ಆಯ್ತು ಮಾರಾಯ್ತಿ."

ಈ ನಾಲ್ಕೂ ಒಂದೇ ಮನೆಯಲ್ಲಿ ಹಿಡಿಯುವುದಿಲ್ಲ ಎಂದು ಇನ್ನೂರು ಮನೆ ಬಿಡಿಸಿದವನಿಗೆ ಗೊತ್ತಾಗದೆ ಇರಲಿಲ್ಲ. ಅದನ್ನು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಶೋಕನ ಗಂಟಲಿನಲ್ಲಿ 'ಇಲ್ಲ' ಎಂಬ ಶಬ್ದಕ್ಕೆ ದಾರಿಯೇ ಇರಲಿಲ್ಲ. ಹಾಗಾಗಿ ಅವನು ನಾಲ್ಕು ಮನೆ ಬಿಡಿಸಿದ. ಒಂದೇ ಜಾಗದ ಮೇಲೆ, ನಾಲ್ಕು ಲೇಯರಿನಲ್ಲಿ.

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಿದ್ದಂತೆ. ಬೇಕಾದ್ದನ್ನು ತೋರಿಸಬಹುದು, ಬೇಡವಾದ್ದನ್ನು ಬಂದ್ ಮಾಡಬಹುದು. ಬಂದ್ ಮಾಡಿದ್ದು ಅಳಿಸಿಹೋಗುವುದಿಲ್ಲ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಸಂಸಾರಸ್ಥರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ವಿಜ್ಞಾನಿಯೂ ಮಾಡಿಲ್ಲ.

ಅಶೋಕ ಲ್ಯಾಪ್‌ಟಾಪ್ ಹಿಡಿದು ಒಬ್ಬೊಬ್ಬರ ಹತ್ತಿರ ಹೋದ. ತಾಯಿಗೆ ತಾಯಿಯ ಮನೆ ತೋರಿಸಿದ, ಅಣ್ಣನಿಗೆ ಅಣ್ಣನ ಮನೆ. ಪ್ರತಿ ಮನೆಯ ಮುಂದೆ ಅಂದಕ್ಕೆಂದು ಒಂದು ಕಾರು, ಒಂದು ನಾಯಿ, ಕೈಚೀಲ ಹಿಡಿದು ನಿಂತ ಇಬ್ಬರು ಹೆಂಗಸರನ್ನು ಇಟ್ಟಿದ್ದ. ಇವು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

"ಈ ಹೆಂಗಸ್ರು ಯಾರಾ?" ಎಂದು ಮಾದಿ ಕೇಳಿದಳು.

"ಸುಮ್ನೆ ಅವ್ವೀ, ಚಂದಕ್ಕೆ."

"ಚಂದಕ್ಕಾದ್ರೆ ತಲೆಗೆ ಒಂದು ಹೂವಾದ್ರೂ ಮುಡಿಸೂಕಾಗ್ತಿರ್ಲಿಲ್ವಾ?"

ಎಲ್ಲರೂ ಖುಷಿಯಾದರು. ಸಹಿಯೊಂದು ಆಗಿಬಿಟ್ಟರೆ ಆಮೇಲೆ ಯಾವುದೋ ಒಂದು ಮನೆ ತಾನಾಗಿಯೇ ಗಟ್ಟಿಯಾಗುತ್ತದೆ ಎಂಬುದು ಅಶೋಕನ ಲೆಕ್ಕ. ತಾನಾಗಿಯೇ ಆಗುವ ಕೆಲಸಗಳ ಮೇಲೆ ಅವನಿಗೆ ಮೊದಲಿನಿಂದಲೂ ವಿಶ್ವಾಸ.

ಅಷ್ಟರಲ್ಲಿ ದೇವ ಮೇಸ್ತ್ರಿ ಜಾಗಕ್ಕೆ ಸುತ್ತು ಹಾಕಿ, ಕವಳ ಉಗುಳಿ, "ಮೂರು ಸಾವ್ರ," ಎಂದ.

ಅಶೋಕ ನಕ್ಕ. "ಮೇಸ್ತ್ರಿ, ಹೀಂಗೆ ಆಕಾಶ ನೋಡಿ ಕಲ್ಲಿನ ಲೆಕ್ಕ ಹೇಳೂ ಕಾಲ ಹೋಯ್ತು. ಈಗೆಲ್ಲಾ ಮಾಡೆಲ್ಲಿಂದ ಅಳತೆ ತೆಗೆಯೂದು. ಕಲ್ಲು, ಸಿಮೆಂಟು, ಬಾಗ್ಲು, ಎಲ್ಲಾ ಕಂಪ್ಯೂಟರ್ರೇ ಎಣಿಸ್ತದೆ. ಒಂದು ಮೊಳೆ ಬಿಡೂದಿಲ್ಲ."

"ನಾ ಆಕಾಶ ನೋಡ್ಲಿಲ್ಲ ತಮಾ, ತೆಂಗಿನಕಾಯಿ ಬೀಳ್ತದಾ ಅಂತ ನೋಡ್ದೆ," ಎಂದ ಮೇಸ್ತ್ರಿ. "ಎಣಿಸ್ಲಿ, ಎಣಿಸ್ಲಿ. ಅದ್ಕೂ ಒಂದು ಕೆಲಸ ಬೇಕಲ್ಲಾ."

ಸೋಮವಾರ ರವಿಕಿರಣ ಸರ್ ಸೈಟಿಗೆ ಹೋಗಿದ್ದಾಗ ಅಶೋಕ ತನ್ನ ಮನೆಯ ಮಾಡೆಲ್ ತೆರೆದ. ಭಾರತಿಯ ಮನೆ ಮಾತ್ರ ಕಾಣುತ್ತಿತ್ತು. ಏನೇನು ಎಷ್ಟೆಷ್ಟು ಬೇಕು ಎಂಬ ಪ್ರಮಾಣಪಟ್ಟಿ ತೆಗೆಯುವ ಗುಂಡಿ ಒತ್ತಿ ಚಾ ಕುಡಿಯಲು ಹೋದ. ಬರುವಷ್ಟರಲ್ಲಿ ಕಂಪ್ಯೂಟರು ಹನ್ನೊಂದು ಪುಟ ಹೆತ್ತಿತ್ತು. ಚಿರೆಕಲ್ಲು: ಹನ್ನೆರಡು ಸಾವಿರದ ನಲವತ್ತು.

ಅದು ಮೇಸ್ತ್ರಿ ಹೇಳಿದ್ದರ ನಾಲ್ಕು ಪಟ್ಟು. ಆದರೆ ವಿದ್ಯಾವಂತರು ಇಂಥ ಹೊತ್ತಿನಲ್ಲಿ ಕಂಪ್ಯೂಟರನ್ನು ಸಂಶಯಿಸುವುದಿಲ್ಲ, ಮೇಸ್ತ್ರಿಯನ್ನು ಸಂಶಯಿಸುತ್ತಾರೆ. ನಲವತ್ತು ವರ್ಷಗಳಿಂದ ಈ ಮನುಷ್ಯ ಊರಿನ ಮನೆಗಳನ್ನೆಲ್ಲ ಕಾಲು ಭಾಗ ಕಲ್ಲಿನಲ್ಲಿ ಕಟ್ಟಿಸಿದ್ದಾನಲ್ಲ ಎಂದು ಅಶೋಕ ಊರಿಗಾಗಿ ಮರುಗಿದ. ಬಾಗಿಲು ಇಪ್ಪತ್ತೆಂಟು ಎಂದಿತ್ತು. ಬಾಗಿಲಿಗೆ ಒಳಮುಖ ಹೊರಮುಖ, ಚೌಕಟ್ಟು ಎಲ್ಲ ಇರುತ್ತವೆ. ಕಂಪ್ಯೂಟರಿನದು ಸೂಕ್ಷ್ಮ ದೃಷ್ಟಿ. ಉಳಿದ ಸಾಲುಗಳನ್ನು ಓದುವ ಬದಲು ಅವನು ಬಣ್ಣದಲ್ಲಿ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿಸಿ, ಮೇಲೆ 'ವೈಜ್ಞಾನಿಕ ಪ್ರಮಾಣಪಟ್ಟಿ' ಎಂದು ಬರೆಸಿದ. ಐದು ಪ್ರತಿ.

ಒಂದು ಪ್ರತಿ ಅಂಕೋಲೆಯಲ್ಲಿ ಕಲ್ಲಿನ ವ್ಯಾಪಾರ ಮಾಡುವ ರೂಪೇಶನಿಗೆ ಹೋಯಿತು. ರೂಪೇಶ ಸಂಖ್ಯೆ ನೋಡಿದ, ಎದ್ದು ನಿಂತ, ತನ್ನ ಕುರ್ಚಿಯನ್ನೇ ಅಶೋಕನಿಗೆ ಕೊಟ್ಟ.

"ಅರೇ ಬಾಬಾ, ಕಂಪ್ಯೂಟರ್ ಅಂದ್ಮೇಲೆ ಮಾತೇ ಇಲ್ಲ. ಆದ್ರೆ ಮಳೆ ಬಿದ್ರೆ ಕ್ವಾರಿ ಬಂದ್. ಈಗ್ಲೇ ಹೊಡೆಸೂದು ಚಲೋ."

ಮನೆಗೆಂದು ಕೂಡಿಟ್ಟ ದುಡ್ಡೆಲ್ಲ ಏಳು ಸಾವಿರ ಕಲ್ಲಿಗೆ ಸರಿಹೋಯಿತು. ಉಳಿದ ಐದು ಸಾವಿರ ದೀಪಾವಳಿ ಕಳೆದ ಮೇಲೆ ಎಂದಾಯಿತು. ಮೇಲೆ ಹೊದಿಸುವ ಮಾಡಿನ ವಿಚಾರ ಅಶೋಕ ಮಾಡಲಿಲ್ಲ. ಗೋಡೆ ಎದ್ದರೆ ಮಾಡೂ ತಾನಾಗಿಯೇ ಆಗುತ್ತದೆ.

ಒಂದು ವಾರದಲ್ಲಿ ಇಪ್ಪತ್ತೆಂಟು ಲಾರಿ ಬಂದವು. ಮೊದಲ ದಿನ ಊರವರು ನೋಡಲು ಬಂದರು. ಮೂರನೆಯ ದಿನ ಸಲಹೆ ಕೊಡಲು ಬಂದರು. ಐದನೆಯ ದಿನ ಪಕ್ಕದ ಮನೆಯ ಯೋಗೇಶನ ಸ್ಕೂಟರು ಕಲ್ಲಿನ ಹಿಂದೆ ಸಿಕ್ಕಿಬಿದ್ದು, ಅವನು ಜಗಳಕ್ಕೆ ಬಂದ.

"ಇದೆಂತ ಅಶೋಕಾ, ಅಂಕೋಲೆ ಕೋಟೆ ಮತ್ತೊಂದು ಸಲ ಕಟ್ತಿಯಾ?"

ಅಶೋಕ ಜಗಳವಾಡಲಿಲ್ಲ. ಗಂಭೀರವಾಗಿ ಪ್ರಮಾಣಪಟ್ಟಿಯ ಒಂದು ಪ್ರತಿ ಅವನ ಕೈಗಿಟ್ಟ. "ಓದು, ತಿಳೀತದೆ. ನಿಂಗೂ ಮುಂದೆ ಬೇಕಾಗ್ತದೆ."

ಹನ್ನೊಂದೂ ಪುಟವನ್ನು ಮೊಟ್ಟಮೊದಲು ಪೂರ್ತಿ ಓದಿದವನು ಯೋಗೇಶ. ಒಂಬತ್ತನೆಯ ಪುಟದಲ್ಲಿ ಅವನು ನಿಂತುಬಿಟ್ಟ. ಬಾಗಿಲು ಇಪ್ಪತ್ತೆಂಟು. ಅಡುಗೆಮನೆ ನಾಲ್ಕು. ಪಾಯಖಾನೆ ಏಳು. ಕಾರು ನಾಲ್ಕು. ನಾಯಿ ನಾಲ್ಕು. ನಿಂತ ಹೆಂಗಸು ಎಂಟು.

ಸ್ಕೂಟರನ್ನು ಮರೆತು ಯೋಗೇಶ ನಡೆದೇ ಅಂಗಡಿಗೆ ಹೋದ.

ಮಧ್ಯಾಹ್ನದ ಊಟದ ಹೊತ್ತಿಗೆ ಅಶೋಕ ಲಾಡ್ಜ್ ಕಟ್ಟುತ್ತಿದ್ದಾನೆ ಎಂದು ಊರಿಗೆ ತಿಳಿಯಿತು. ಚಾದ ಹೊತ್ತಿಗೆ ಅದು ರೆಸಾರ್ಟ್ ಆಯಿತು. ಎಂಟು ಹೆಂಗಸರ ವಿಷಯ ಮಾತ್ರ ಯಾರೂ ಜೋರಾಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದ್ದರಿಂದ ಅದು ಹೆಚ್ಚು ದೂರ ಹೋಯಿತು. ಮರುದಿನ ಮಲ್ಲಾಪುರದ ಕ್ವಾರ್ಟರ್ಸಿನಿಂದ ಯಾರೋ ಫೋನ್ ಮಾಡಿ, ಕೈಗಾದ ಅಣುಸ್ಥಾವರದಲ್ಲಿ ಕೆಲಸ ಮಾಡುವವರಿಗೆ ರೂಮಿನ ದರದಲ್ಲಿ ಏನಾದರೂ ರಿಯಾಯಿತಿ ಇದೆಯೇ ಎಂದು ಕೇಳಿದರು. ಅಶೋಕ ಅಭ್ಯಾಸಬಲದಿಂದ "ಆಯ್ತು, ನೋಡ್ವಾ" ಎಂದುಬಿಟ್ಟ.

ಅಂಕೋಲೆಯ ಮೀನುಪೇಟೆಯಲ್ಲಿ ಸುಕ್ರಿಗೆ ಸುದ್ದಿ ಮುಟ್ಟಿತು. ಅರ್ಧ ಕಿಲೋ ಬಂಗಡೆ ತೂಗಿಸಿದ್ದನ್ನು ಅಲ್ಲೇ ಬಿಟ್ಟು ಫೋನ್ ಹಚ್ಚಿದಳು.

"ತಮ್ಮಾ, ನಂಗೆ ಕೋಣೆ ಕೊಡ್ತೆ ಅಂದಿದ್ದು ದಿನಕ್ಕೆ ಎಷ್ಟು ಬಾಡಿಗೆಗೆ?"

"ಅಕ್ಕಾ, ಹಂಗಲ್ಲಾ..."

"ಅಪ್ಪನ ಜಾಗದಲ್ಲಿ ಎಂಟು ಹೆಂಗಸ್ರನ್ನ ನಿಲ್ಸೂಕೆ ನಾ ಸಹಿ ಹಾಕೂದಿಲ್ಲ!"

ಬೀರು ಫೋನ್ ಮಾಡಲಿಲ್ಲ. ಇಷ್ಟು ದೊಡ್ಡ ವ್ಯವಹಾರದಲ್ಲಿ ತನ್ನ ಪಾಲು ಎಷ್ಟು ಎಂದು ಯಾರೂ ಹೇಳದಿದ್ದುದರಿಂದ ಅವನು ಮಾತು ಬಿಟ್ಟಿದ್ದ.

ಭಾರತಿ ಮಾತ್ರ ಶಾಂತವಾಗಿ ಕೇಳಿದಳು. "ಏಳು ಪಾಯಖಾನೆ ಅಂತಲ್ಲಾ. ದಿನಕ್ಕೊಂದ್ರಂಗಾ, ಅಲ್ಲಾ ತಲೆಗೊಂದ್ರಂಗಾ?"

ಶನಿವಾರ ಪಂಚಾಯ್ತಿಯ ಪಿಡಿಓ ಶಂಕರಿ ಮೇಡಂ ಜಾಗಕ್ಕೇ ಬಂದರು. ಕೈಯಲ್ಲಿ ಅಶೋಕನ ಅರ್ಜಿ, ಅದರ ಮೇಲೆ ವೈಜ್ಞಾನಿಕ ಪ್ರಮಾಣಪಟ್ಟಿಯ ಜೆರಾಕ್ಸು. ಭಾರತಿ ಬಂದಳು, ಸುಕ್ರಿ ಬಂದಳು, ಬೀರು ಬಂದ, ಮಾದಿ ಕಲ್ಲಿನ ಮೇಲೆ ಕುಳಿತಳು. ಕರೆಯದ ಯೋಗೇಶ ಎಲ್ಲರಿಗಿಂತ ಮೊದಲು ಬಂದಿದ್ದ. ದೇವ ಮೇಸ್ತ್ರಿ ತೆಂಗಿನ ಮರದಿಂದ ದೂರದ ಒಂದು ಜಾಗ ನೋಡಿ ನಿಂತ.

"ಅಶೋಕ ಗೌಡ್ರೇ," ಎಂದರು ಮೇಡಂ. "ಅರ್ಜಿಯಲ್ಲಿ ವಾಸದ ಮನೆ ಅಂತ ಬರ್ದೀರಿ. ಇಲ್ಲಿ ನೋಡಿದ್ರೆ ಇಪ್ಪತ್ತೆಂಟು ಬಾಗಿಲು. ಲಾಡ್ಜಿಗೆ ಬೇರೆ ಅರ್ಜಿ, ಬೇರೆ ಪರವಾನಿಗೆ. ಮತ್ತೆ ಈ ಎಂಟು ಜನ ಯಾರು? ಕೆಲಸದವ್ರಾ? ಅವ್ರ ಆಧಾರ್ ಕಾರ್ಡು ಬೇಕಾಗ್ತದೆ."

"ಮೇಡಂ, ಅವ್ರು ಇಂಟರ್‌ನೆಟ್ಟಲ್ಲಿ ಸಿಕ್ಕಿದ್ದು," ಎಂದ ಅಶೋಕ.

ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಸುಕ್ರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಯೋಗೇಶ ಇನ್ನೂ ಎರಡು ಹೆಜ್ಜೆ ಹತ್ತಿರ ಬಂದ.

"ಮೂರೂ ಸಹಿ ಇವತ್ತಾಗ್ಬೇಕು," ಎಂದರು ಮೇಡಂ. "ಇಲ್ಲಾಂದ್ರೆ ಫೈಲು ವಾಪಸ್ಸು. ಆಮೇಲೆ ಮಳೆಗಾಲ ಕಳೆದ ಮೇಲೆ ಹೊಸ ಅರ್ಜಿ ಹಾಕಿ."

ಅಶೋಕ ಬೆವರಿದ. ಕಂಪ್ಯೂಟರಿನ ಮರ್ಯಾದೆ ಉಳಿಸಬೇಕಾದರೆ ಕಂಪ್ಯೂಟರ್ ಬಲ್ಲವರನ್ನೇ ಕೇಳಬೇಕು. ಅವನು ರವಿಕಿರಣ ಸರ್‌ಗೆ ಫೋನ್ ಹಚ್ಚಿದ. ಬೆವರಿದ ಬೆರಳು ಜಾರಿ ಸ್ಪೀಕರಿಗೆ ತಾಗಿದ್ದು ಅವನಿಗೆ ಗೊತ್ತಾಗಲಿಲ್ಲ.

"ಸರ್, ಏಳ್ನೂರು ಚದರಡಿ ಮನೆಗೆ ಹನ್ನೆರಡು ಸಾವ್ರ ಕಲ್ಲು ತೋರಿಸ್ತದೆ ಸರ್."

"ಹೋಗಾ, ಮೂರು ಸಾವ್ರ ಅಂದ್ರೇ ಹೆಚ್ಚಾಯ್ತು," ಎಂದಿತು ಫೋನು, ಎಲ್ಲರಿಗೂ ಕೇಳುವಂತೆ. ದೇವ ಮೇಸ್ತ್ರಿ ನಿಧಾನವಾಗಿ ಕವಳ ಉಗುಳಿದ. ಫೋನು ಮುಂದುವರಿಸಿತು: "ಮಾಡೆಲ್ಲಲ್ಲಿ ಬಂದ್ ಮಾಡಿಟ್ಟ ಲೇಯರ್ ಏನಾದ್ರೂ ಅದೆಯಾ? ಬಂದ್ ಮಾಡಿದ್ದು ಕಣ್ಣಿಗೆ ಕಾಣೂದಿಲ್ಲ, ಲೆಕ್ಕಕ್ಕೆ ಬಂದೇ ಬರ್ತದೆ. ಎಲ್ಲಾ ಲೇಯರ್ ಒಮ್ಮೆ ತೆರೆದು ನೋಡು. ಯಾವನೋ ತಲೆ ಸರಿ ಇಲ್ಲದವ ಒಂದ್ರೊಳಗೆ ಒಂದು ಮನೆ ಬಿಡಿಸಿಟ್ಟಿರ್ಬೇಕು."

ಫೋನು ನಿಂತಿತು. ಎಲ್ಲರೂ ಅಶೋಕನ ಲ್ಯಾಪ್‌ಟಾಪಿನ ಕಡೆ ತಿರುಗಿದರು.

"ತೆರೀರಿ," ಎಂದರು ಶಂಕರಿ ಮೇಡಂ.

ಅಶೋಕ ಲ್ಯಾಪ್‌ಟಾಪನ್ನು ಕಲ್ಲಿನ ರಾಶಿಯ ಮೇಲಿಟ್ಟು ಒಂದೊಂದೇ ಲೇಯರ್ ತೆರೆದ. ಭಾರತಿಯ ಮಲಗುವ ಕೋಣೆಯ ನಟ್ಟನಡುವೆ ಮಾದಿಯ ಒಲೆ ಎದ್ದಿತು. ಬೀರುವಿನ ಜಗಲಿ ಸುಕ್ರಿಯ ಕೋಣೆಯನ್ನು ಹೊಕ್ಕು, ಬೀಗ ಹಾಕಿದ ಬಾಗಿಲನ್ನು ಸೀಳಿ, ಭಾರತಿಯ ಬಾತ್‌ರೂಮಿನಲ್ಲಿ ನಿಂತಿತು. ನಾಲ್ಕು ಕಾರುಗಳು ಒಂದರೊಳಗೊಂದು ಕುಳಿತವು. ಎಂಟು ಹೆಂಗಸರು ಒತ್ತಿಕೊಂಡು ಎರಡೇ ಜನರಾದರು. ಯೋಗೇಶನ ಮುಖ ಬಾಡಿತು.

ಮೊದಲು ಮಾತಾಡಿದವನು ಬೀರು. "ಅಂದ್ರೆ, ನಂಗೆ ತೋರಿಸಿದ ಮನೆ ಬೇರೆ, ಸುಕ್ರಿಗೆ ತೋರಿಸಿದ ಮನೆ ಬೇರೆ?"

"ಅಲ್ಲಣ್ಣಾ, ಜಾಗ ಒಂದೇ..."

"ನಂಗೆ ಜಗಲಿ ಅಂದೆ!"

"ನಂಗೆ ಕೋಣೆ ಅಂದೆ! ಆ ಕೋಣೆಯೊಳಗೆ ಇವ್ನ ನಾಕು ಜನ ಕೂತ್ಕಳೂದಾ?" ಎಂದಳು ಸುಕ್ರಿ.

ಶಂಕರಿ ಮೇಡಂ ಕನ್ನಡಕ ಏರಿಸಿ ಪಟ್ಟಿಯನ್ನೂ ಪರದೆಯನ್ನೂ ತಾಳೆ ನೋಡಿದರು. "ಕಂಪ್ಯೂಟರಿನದೇನೂ ತಪ್ಪಿಲ್ಲ," ಎಂದರು. "ನೀವು ಯಾರ್ಯಾರಿಗೆ 'ಆಯ್ತು' ಅಂದಿದ್ರೋ ಅದನ್ನೆಲ್ಲಾ ಸರಿಯಾಗಿ ಕೂಡಿಸಿದೆ."

ಬೀರು ಯೋಚನೆ ಮಾಡಿದ. ಅವನು ಯೋಚನೆ ಮಾಡಿದರೆ ಮನೆಯವರಿಗೆ ಖರ್ಚು. "ನನ್ ಮನೆಗೆ ಎಷ್ಟು ಕಲ್ಲು ತೋರಿಸ್ತದೆ?"

ಅಶೋಕ ಉಳಿದ ಲೇಯರುಗಳನ್ನು ನಿಜವಾಗಿಯೂ ಬದಿಗಿಟ್ಟು ಒಂದೊಂದನ್ನೇ ಎಣಿಸಿದ. ಬೀರುವಿನದು ಮೂರು ಸಾವಿರದ ನೂರ ಇಪ್ಪತ್ತು. ಸುಕ್ರಿಯದು ಎರಡು ಸಾವಿರದ ಒಂಬೈನೂರ ಅರವತ್ತು. ಮಾದಿಯದೂ ಭಾರತಿಯದೂ ಹೆಚ್ಚುಕಡಿಮೆ ಅಷ್ಟಷ್ಟೇ. ಕಂಪ್ಯೂಟರು ದೇವ ಮೇಸ್ತ್ರಿಯ ಮಾತನ್ನು ನಾಲ್ಕು ಸಲ ಒಪ್ಪಿಕೊಂಡಿತ್ತು.

"ಸರಿ," ಎಂದ ಬೀರು. "ನಂಗೆ ಆಯ್ತು ಅಂತ ತೋರಿಸಿದ ಮನೆ ಅದು. ಇಲ್ಲಿ ಹಿಡಿಯೂದಿಲ್ಲಾ ಅಂದ್ರೆ ಕಲ್ಲು ನಂಗೆ ಕೊಡು. ನಾ ನನ್ ಮನೆ ಮುಂದೆ ಜಗಲಿ ಕಟ್ಟಸ್ತೆ. ಕಲ್ಲು ಗಾಡಿ ಹತ್ತಿದ ಕೂಡ್ಲೇ ಸಹಿ."

"ನಂಗೂ," ಎಂದಳು ಸುಕ್ರಿ. "ತವರಿನ ಕೋಣೆ ಗಂಡನ ಮನೇಲೇ ಕಟ್ಕಂತೆ. ಬಸ್ಸಿನ ದುಡ್ಡು ಉಳೀತದೆ."

ಅಶೋಕ ರೂಪೇಶನಿಗೆ ಫೋನ್ ಮಾಡಿ, ಕಲ್ಲು ವಾಪಸ್ ತೆಗೆದುಕೊಳ್ಳುತ್ತೀಯಾ ಎಂದು ಅಂಗಲಾಚಿದ. ಮನೆಗೆಂದು ಇಳಿಸಿದ ಕಲ್ಲನ್ನು ತಿರುಗಿ ಲಾರಿಗೆ ಹತ್ತಿಸಿದರೆ ವಂಶಕ್ಕೇ ಕೇಡು ಎಂದು ರೂಪೇಶ ತಿಳಿಸಿದ. ಇಂಥದೊಂದು ನಂಬಿಕೆ ಇರುವುದು ಜಿಲ್ಲೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಸಂಬಂಧಿಕರ ಟ್ರ್ಯಾಕ್ಟರಿಗೆ ಅದು ಅನ್ವಯಿಸುವುದಿಲ್ಲವಂತೆ.

ಮೇಡಂ ಗಡಿಯಾರ ನೋಡಿದರು. ಭಾರತಿ ಗಂಡನ ಮುಖ ನೋಡಿದಳು. ಗಂಡ ಅಣ್ಣನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಬಾಯಿ ತೆರೆದ.

"ಆಯ್ತು," ಎಂದ.

ಅಂಥ ಚುರುಕಿನ ಕೆಲಸವನ್ನು ಆ ಜಾಗ ಮತ್ತೆ ನೋಡಲಿಲ್ಲ. ಸಂಜೆಯೊಳಗೆ ಬೀರು ಎರಡು ಟ್ರ್ಯಾಕ್ಟರ್ ತಂದ, ಸುಕ್ರಿಯ ಗಂಡ ಮೂರು ಟೆಂಪೋ ತಂದ. ಯೋಗೇಶ ಸ್ಕೂಟರು ಹೊರಬರುವ ಆಸೆಯಿಂದ ತಾನೂ ಕಲ್ಲು ಹೊತ್ತ. ಕತ್ತಲಾಗುವ ಮೊದಲು ಮೂರೂ ಸಹಿ ಬಿದ್ದವು. ಪರವಾನಿಗೆಗೆ ಇನ್ನು ಯಾವ ಅಡ್ಡಿಯೂ ಉಳಿಯಲಿಲ್ಲ. ಕಲ್ಲು ಒಂಬೈನೂರ ಇಪ್ಪತ್ತು ಉಳಿದವು.

"ನನ್ ಮನೆ ಕಲ್ಲು ಎಲ್ಲಿ ಅದೆ?" ಎಂದು ಭಾರತಿ ಕೇಳಿದಳು.

"ಕ್ವಾರಿಯಲ್ಲಿ ಅದೆ. ದೀಪಾವಳಿ ಕಳೆದ ಮೇಲೆ..."

"ಅಲ್ಲೇ ಇರ್ಲಿ ಬಿಡಿ. ಮಳೆಗೆ ನೆನೆದ್ರೂ ಹಾಳಾಗೂದಿಲ್ಲ."

ಮಾದಿ ಕುಳಿತಿದ್ದ ಕಲ್ಲಿನಿಂದ ಎದ್ದು ಸೀರೆ ಕೊಡವಿಕೊಂಡಳು. "ಒಂಬೈನೂರು ಬೇಕಾದಷ್ಟಾಯ್ತು. ಒಲೆಗೆ ಮೂರೇ ಕಲ್ಲು ಸಾಕಾಗೂದು. ಮೇಸ್ತ್ರಿ, ಉಳಿದಿದ್ರಲ್ಲಿ ಎಂತ ಆಗ್ತದೆ?"

ದೇವ ಮೇಸ್ತ್ರಿ ಸುತ್ತು ಹಾಕಲಿಲ್ಲ. ನಿಂತಲ್ಲಿಂದಲೇ ಹೇಳಿದ: "ಒಂದು ಕೋಣೆ."

ಮಳೆಗಾಲಕ್ಕೆ ಒಂಬತ್ತು ದಿನ ಮೊದಲು ಗೃಹಪ್ರವೇಶವಾಯಿತು. ಒಂದು ಕೋಣೆ, ಮೇಲೆ ತಗಡು, ಒಂದು ಮೂಲೆಯಲ್ಲಿ ನೆಲದ ಮೇಲೆ ಒಲೆ, ಇನ್ನೊಂದು ಮೂಲೆಯಲ್ಲಿ ಭಾರತಿಯ ಗ್ಯಾಸು. ಬಾಗಿಲು ಒಂದು. ಅದಕ್ಕೆ ಒಳಮುಖವೂ ಇತ್ತು, ಹೊರಮುಖವೂ ಇತ್ತು. ಕಾರವಾರದಿಂದ ಬಂದ ರವಿಕಿರಣ ಸರ್ ತಲೆ ಬಗ್ಗಿಸಿ ಒಳಗೆ ಬಂದು, ಗೋಡೆ ತಟ್ಟಿ ನೋಡಿ, "ಚಲೋ ಆಗ್ಯದೆ, ಖರ್ಚು ಕಡಿಮೆ" ಎಂದರು. ಅಷ್ಟು ಹೊತ್ತಿಗೆ ಮಾದಿಗೆ ಹೊಸ ಒಲೆಯ ಹೊಗೆ ಕಣ್ಣಿಗೆ ಹೋಗಿ, ಅವಳು ಗ್ಯಾಸಿನ ಮುಂದೆ ನಿಂತುಕೊಂಡೇ ಸಿಹಿ ಸುಕ್ಕಿನುಂಡೆ ಕರಿಯುತ್ತಿದ್ದಳು.

ಹೊಸ ಜಗಲಿಯ ಒಡೆಯನಾದ ಬೀರು ಹೊರಗೆ ಬಿಸಿಲಿನಲ್ಲಿ ನಿಂತು, "ಬಂದವ್ರಿಗೆ ಕೂತ್ಕಳೂಕೆ ಜಾಗನೇ ಇಲ್ವಲ್ಲಾ ಇಲ್ಲಿ," ಎಂದು ನಾಲ್ಕು ಜನಕ್ಕೆ ಕೇಳುವಂತೆ ಗೊಣಗಿದ. ಸುಕ್ರಿ ಒಳಗೆ ಬಂದಳು. ನಾಲ್ಕೂ ಗೋಡೆ ನೋಡಿದಳು. ಕಣ್ಣಲ್ಲಿ ನೀರು ತಂದುಕೊಂಡಳು.

"ಆಗಿದ್ದು ಆಯ್ತು ತಮ್ಮಾ. ಆದ್ರೂ ತವರು ಅಂತ ಬಂದ್ರೆ ನಂಗೊಂದು ಮೂಲೆನಾದ್ರೂ ಬ್ಯಾಡ್ವಾ? ಮುಂದಿನ ವರ್ಷ ಈ ಬದಿಗೆ ಚಿಕ್ಕದೊಂದು ಕೋಣೆ ತೆಗೆಸ್ತಿ ಅಲ್ದಾ?"

ಅಶೋಕನ ಮುಖ ಅರಳಿತು. ಅವನು ಬಾಯಿ ತೆರೆದ.

ಭಾರತಿ ಎಣ್ಣೆಯಿಂದ ಆಗಷ್ಟೇ ಎತ್ತಿದ ಸುಕ್ಕಿನುಂಡೆಯೊಂದನ್ನು ತೆರೆದ ಬಾಯಿಗೆ ತುರುಕಿದಳು. ಅವನ ಕಣ್ಣು ತುಂಬಿ ಬಂತು. ಅದು ಪೂರ್ತಿ ಇಳಿಯುವವರೆಗೂ ಅವಳು ಎದುರಿಗೇ ನಿಂತಿದ್ದಳು, ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡು.